ಮೊಲದ ಅಂಗಾಲಿನ ಹುಣ್ಣು: ಮುಲಾಮು ಹಚ್ಚಿದರೂ ಮತ್ತೆ ಮತ್ತೆ ರಕ್ತ, ಎಂತ ಮಾಡುವುದು?

ಪ್ರಶ್ನೆ (ಬಿಜೈ, ಮಂಗಳೂರು):

ನಮಸ್ಕಾರ ಡಾಕ್ಟ್ರೇ. ನಮ್ಮದು ಮೂರನೇ ಮಹಡಿಯ ಫ್ಲಾಟ್. ಮನೆಯಲ್ಲಿ ಬೊಳ್ಳು ಅಂತ ಒಂದು ಬಿಳಿ ಮೊಲ ಉಂಟು. ಗಂಡು, ಮೂರು ವರ್ಷ ಪ್ರಾಯ. ಗೂಡಿಗೆ ಹಾಕುವುದಿಲ್ಲ, ಮನೆ ತುಂಬ ಓಡಾಡಿಕೊಂಡಿರುತ್ತಾನೆ. ಹದಿನೈದು ದಿನದ ಹಿಂದೆ ಟೈಲ್ಸ್ ಮೇಲೆ ಸಣ್ಣ ಸಣ್ಣ ರಕ್ತದ ಚುಕ್ಕೆ ಕಂಡಿತು. ಹಿಡಿದು ನೋಡಿದರೆ ಎರಡೂ ಹಿಂಗಾಲಿನ ಅಡಿಯಲ್ಲಿ, ಹಿಮ್ಮಡಿ ಹತ್ತಿರ, ಕೂದಲು ಉದುರಿ ಕೆಂಪಾಗಿದೆ. ಎಡಗಾಲಲ್ಲಿ ಒಂದು ರೂಪಾಯಿ ನಾಣ್ಯದಷ್ಟು ದೊಡ್ಡ ಹಕ್ಕಳೆ. ಅತ್ತೆ ಅರಿಶಿನ ಮತ್ತು ತೆಂಗಿನೆಣ್ಣೆ ಹಚ್ಚಿದರು. ಆಮೇಲೆ ಮೆಡಿಕಲ್‌ನಿಂದ ಎರಡು ಬಗೆಯ ಮುಲಾಮು ತಂದೆವು. ಹಕ್ಕಳೆ ಬೀಳುತ್ತದೆ, ಮತ್ತೆ ರಕ್ತ ಬರುತ್ತದೆ. ತೂಕ 3.8 ಕೆ.ಜಿ. ಈಗ ಜಿಗಿಯುವುದು ಕಮ್ಮಿ, ಆದರೆ ತಿನ್ನುತ್ತಾನೆ. ಮಗನಿಗೆ ಜ್ವರ ಬಂದಾಗ ತಂದ ಅಮಾಕ್ಸಿಸಿಲಿನ್ ಸಿರಪ್ ಸ್ವಲ್ಪ ಉಳಿದಿದೆ. ಅದನ್ನು ಕೊಡಬಹುದಾ?

ಪಶುವೈದ್ಯರ ಉತ್ತರ:

ಮೊದಲು ಸಿರಪ್ ವಿಷಯ. ದಯವಿಟ್ಟು ಕೊಡಬೇಡಿ. ಅಮಾಕ್ಸಿಸಿಲಿನ್, ಪೆನ್ಸಿಲಿನ್, ಕ್ಲಿಂಡಾಮೈಸಿನ್ ಇವೆಲ್ಲ ಮೊಲದ ಬಾಯಿಗೆ ಹೋಗಲೇಬಾರದು. ಹುಲ್ಲು ಜೀರ್ಣ ಮಾಡಿಸುವ ಒಳ್ಳೆಯ ಬ್ಯಾಕ್ಟೀರಿಯಾ ಅದರ ಕರುಳಲ್ಲಿ ಇರುತ್ತವೆ. ಈ ಔಷಧಿಗಳು ಅವನ್ನು ಕೊಲ್ಲುತ್ತವೆ, ಆ ಜಾಗದಲ್ಲಿ ವಿಷ ಬಿಡುವ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಭೇದಿ ಶುರುವಾಗಿ ಕೆಲವೇ ದಿನದಲ್ಲಿ ಮೊಲ ಸಾಯಬಹುದು. ಮಗುವಿಗೆ ಒಳ್ಳೆಯ ಔಷಧಿ ಬೊಳ್ಳುವಿಗೆ ವಿಷ. ಮನುಷ್ಯರ ನೋವಿನ ಮಾತ್ರೆಯೂ ಬೇಡ.

ಈಗ ಕಾಲಿನ ವಿಷಯ. ನಾಯಿ, ಬೆಕ್ಕಿನ ಪಾದದಲ್ಲಿ ದಪ್ಪ ಮೆತ್ತೆ ಇರುತ್ತದಲ್ಲ, ಮೊಲಕ್ಕೆ ಅದು ಇಲ್ಲ. ಅಂಗಾಲಿನ ದಟ್ಟ ಕೂದಲೇ ಅದರ ಮೆತ್ತೆ, ಅದರ ಕೆಳಗೆ ತೆಳು ಚರ್ಮ, ಚರ್ಮದ ಕೆಳಗೆ ಮೂಳೆ. ಮಣ್ಣಿನಲ್ಲಿ ಓಡುವಾಗ ಉಗುರು ಮಣ್ಣಿಗೆ ಇಳಿಯುತ್ತದೆ, ಭಾರ ಪಾದದ ತುಂಬ ಹಂಚಿಹೋಗುತ್ತದೆ. ಟೈಲ್ಸ್ ಮೇಲೆ ಉಗುರು ಇಳಿಯುವುದಿಲ್ಲ. ಬೆರಳು ಮೇಲೆದ್ದು, ಎಲ್ಲ ಭಾರ ಹಿಂದಕ್ಕೆ ಹಿಮ್ಮಡಿಗೆ ಬೀಳುತ್ತದೆ. ಜೊತೆಗೆ ಕಾಲು ಜಾರುತ್ತದೆ. ಜಾರಿದಾಗಲೆಲ್ಲ ಕೂದಲು ಸ್ವಲ್ಪ ಸ್ವಲ್ಪ ಸವೆಯುತ್ತದೆ. ಕೂದಲು ಹೋದ ಮೇಲೆ ಚರ್ಮ ಒತ್ತಿ, ಅಲ್ಲಿಗೆ ರಕ್ತ ಹರಿಯುವುದು ಕಮ್ಮಿಯಾಗಿ ಹುಣ್ಣಾಗುತ್ತದೆ. ಆದ್ದರಿಂದ ಎಷ್ಟು ಮುಲಾಮು ಬದಲಿಸಿದರೂ ವಾಸಿಯಾಗುವುದಿಲ್ಲ. ಹುಣ್ಣು ಮಾಡುತ್ತಿರುವುದು ನೆಲ, ಅದನ್ನು ಬದಲಿಸಬೇಕು.

ತೂಕವೂ ಸೇರಿಕೊಂಡಿದೆ ಅಂತ ನನಗೆ ಅನಿಸುತ್ತದೆ. ಬೆನ್ನ ಮೇಲಿನಿಂದ ಪಕ್ಕೆಗೆ ಕೈಯಾಡಿಸಿ. ಪಕ್ಕೆಲುಬು ಕೈಗೆ ಸುಲಭವಾಗಿ ಸಿಗಬೇಕು. ಒತ್ತಿ ಹುಡುಕಬೇಕಾದರೆ ಕೊಬ್ಬು ಜಾಸ್ತಿ.

ಇವತ್ತೇ ಒಂದು ಕೆಲಸ ಮಾಡಿ. ಒಂದು ಗಂಟೆ ಸುಮ್ನೆ ಕೂತು ಬೊಳ್ಳುವನ್ನು ನೋಡಿ. ಅವನು ಎಲ್ಲಿ ಮುದುಡಿ ಕೂರುತ್ತಾನೆ? ಸಾಮಾನ್ಯವಾಗಿ ಊಟದ ಬಟ್ಟಲಿನ ಮುಂದೆ, ಮೂತ್ರದ ತಟ್ಟೆಯಲ್ಲಿ, ಬಾಗಿಲ ಮೂಲೆಯಲ್ಲಿ. ಹಿಮ್ಮಡಿಗೆ ಪೆಟ್ಟು ಬೀಳುವುದು ಅಲ್ಲೇ. ಮೊದಲು ಆ ಜಾಗಗಳಿಗೆ ಮೆತ್ತೆ ಹಾಕಿ. ಹಳೆ ಟರ್ಕಿ ಟವೆಲ್ ಎರಡು ಮೂರು ಪದರ ಮಡಚಿ, ಮೇಲೆ ಓಲೆ ಚಾಪೆ ಅಥವಾ ದಪ್ಪ ಬೆಡ್‌ಶೀಟ್ ಹಾಸಿದರೆ ಸಾಕು. ಒತ್ತಿದರೆ ಬೆರಳು ಸ್ವಲ್ಪ ಒಳಗೆ ಇಳಿಯಬೇಕು, ಜಾರಬಾರದು. ತೆಂಗಿನ ನಾರಿನ ಕಾಲೊರಸು ಬೇಡ, ಅದು ಉಜ್ಜುತ್ತದೆ. ಫೋಮ್ ಮ್ಯಾಟ್ ಕಚ್ಚಿ ನುಂಗುವ ಮೊಲವಾದರೆ ಅದೂ ಬೇಡ, ಹೊಟ್ಟೆಯಲ್ಲಿ ಕಟ್ಟಿಕೊಳ್ಳುತ್ತದೆ. ಟವೆಲ್‌ನ ಅಂಚಿನಿಂದ ಉದ್ದ ನೂಲು ಬಿಟ್ಟಿದ್ದರೆ ಕತ್ತರಿಸಿ. ಉಗುರಿಗೆ ಸುತ್ತಿಕೊಂಡು ಬೆರಳು ಊದಿದ ಮೊಲಗಳನ್ನು ನೋಡಿದ್ದೇನೆ.

ನಮ್ಮ ಮಳೆಗಾಲದಲ್ಲಿ ದೊಡ್ಡ ಕಷ್ಟ ಒದ್ದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಮೊಲದ ಹಾಸು ಹೇಗೆ ಒಣಗಬೇಕು? ಮೂತ್ರದಲ್ಲಿ ನೆನೆದ ಚರ್ಮ ಮೆತ್ತಗಾಗಿ ಬೇಗ ಒಡೆಯುತ್ತದೆ. ತಟ್ಟೆಯ ಹಾಸನ್ನು ದಿನಕ್ಕೆ ಎರಡು ಸಲ ಬದಲಿಸಿ. ಬೈಹುಲ್ಲು ಹಾಕುವುದಾದರೆ ದಪ್ಪವಾಗಿ ಹಾಕಿ, ಆದರೆ ಮೂಸಿ ನೋಡಿ. ಬೂಸ್ಟು ವಾಸನೆ ಬಂದರೆ ಎಸೆದುಬಿಡಿ.

ಹುಣ್ಣನ್ನು ಹೀಗೆ ನೋಡಿಕೊಳ್ಳಿ. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು. ಹತ್ತಿಯನ್ನು ಅದರಲ್ಲಿ ಅದ್ದಿ ಮೆಲ್ಲ ಒರೆಸಿ. ಆಮೇಲೆ ಒಣ ಬಟ್ಟೆಯಿಂದ ಒತ್ತಿ ಒತ್ತಿ ಪೂರ್ತಿ ಒಣಗಿಸಿ. ಈ ಒಣಗಿಸುವುದನ್ನೇ ಹೆಚ್ಚಿನವರು ಮರೆಯುವುದು. ಹಕ್ಕಳೆಯನ್ನು ಕೀಳಬೇಡಿ, ಅಡಿಯಲ್ಲಿ ಹೊಸ ಚರ್ಮ ಬರುತ್ತಾ ಇರುತ್ತದೆ. ಸುತ್ತಲಿನ ಕೂದಲು ಕತ್ತರಿಸಬೇಡಿ. ಇಡೀ ಮೊಲಕ್ಕೆ ಸ್ನಾನ ಮಾಡಿಸಲೇಬೇಡಿ.

ಅತ್ತೆಯವರು ಪ್ರೀತಿಯಿಂದಲೇ ಹಚ್ಚಿದ್ದು, ಬೇಸರ ಮಾಡಿಕೊಳ್ಳುವುದು ಬೇಡ. ಆದರೆ ತೆಂಗಿನೆಣ್ಣೆಯಿಂದ ಕೂದಲು ಜಡೆ ಕಟ್ಟುತ್ತದೆ, ಕಸ ಅಂಟುತ್ತದೆ, ಇದ್ದ ಮೆತ್ತೆಯೂ ಹೋಗುತ್ತದೆ. ಅರಿಶಿನದ ಬಣ್ಣದಲ್ಲಿ ಹುಣ್ಣಿನ ನಿಜವಾದ ಬಣ್ಣ ಕಾಣುವುದಿಲ್ಲ. ಹಚ್ಚಿದ್ದನ್ನೆಲ್ಲ ಮೊಲ ನೆಕ್ಕುತ್ತದೆ ಅನ್ನುವುದು ನೆನಪಿರಲಿ. ನಿಮ್ಮ ಮುಲಾಮಿನ ಟ್ಯೂಬ್ ಮೇಲೆ ಸ್ಟೀರಾಯ್ಡ್ ಅಂತ ಇದ್ದರೆ ಇವತ್ತೇ ನಿಲ್ಲಿಸಿ.

ರಕ್ತ ಬರುತ್ತಿದೆ, ಜಿಗಿಯುವುದು ಕಮ್ಮಿ ಅಂದಿರಿ. ಅಂದರೆ ಅವನಿಗೆ ನೋವಿದೆ. ಎರಡು ದಿನದೊಳಗೆ ಮೊಲ ನೋಡಿ ಅಭ್ಯಾಸವಿರುವ ಪಶುವೈದ್ಯರಿಗೆ ತೋರಿಸಿ. ಸೋಂಕು ಮೂಳೆಗೆ ಇಳಿದಿದೆಯಾ ಅಂತ ಎಕ್ಸ್‌ರೇಯಲ್ಲಿ ನೋಡಬೇಕು. ನೋವಿಗೆ ಮೆಲಾಕ್ಸಿಕಾಮ್ ಕೊಡುತ್ತಾರೆ, ಡೋಸ್ ಅವರೇ ಹೇಳಬೇಕು. ಹನ್ನೆರಡು ಗಂಟೆ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಮಾತ್ರ ಎರಡು ದಿನ ಕಾಯಬೇಡಿ, ತಕ್ಷಣ ಹೊರಡಿ.

ಬಿಜೈಯವರು ಮತ್ತೆ:

ತುಂಬ ಉಪಕಾರ ಡಾಕ್ಟ್ರೇ. ಸಿರಪ್ ಎಸೆದೆ. ನಿಮ್ಮ ಮಾತು ಕೇಳಿ ಒಂದು ಗಂಟೆ ಕೂತು ನೋಡಿದೆ. ಅಡುಗೆಮನೆ ಬಾಗಿಲ ಹತ್ತಿರ, ನಾನು ಬಾಳೆಹಣ್ಣು ಕೊಡುತ್ತೇನೆ ಅಂತ ಕಾಯುತ್ತಾ ಅಲ್ಲೇ ಕೂರುತ್ತಾನೆ! ಚಾಪೆ ಹಾಕಿದೆ. ಆದರೆ ಮಧ್ಯಾಹ್ನ ಮಳೆ ಬಿಟ್ಟು ಸೆಕೆ ಆದರೆ ಚಾಪೆ ಬಿಟ್ಟು ಟೈಲ್ಸ್ ಮೇಲೆ ಹೋಗಿ ಮಲಗುತ್ತಾನೆ. ಎಬ್ಬಿಸಬೇಕಾ?

ಪಶುವೈದ್ಯರ ಉತ್ತರ:

ಎಬ್ಬಿಸಬೇಡಿ. ಮೊಲಕ್ಕೆ ಬೆವರಿ ಮೈ ತಂಪು ಮಾಡಿಕೊಳ್ಳಲು ಆಗುವುದಿಲ್ಲ, ನಮ್ಮ ಕರಾವಳಿಯ ಸೆಕೆ ಅದಕ್ಕೆ ನಿಜವಾಗಿ ಅಪಾಯ. ಕಾಲು ಹಿಂದಕ್ಕೆ ಚಾಚಿ, ಹೊಟ್ಟೆ ಊರಿ ಮಲಗಿದಾಗ ಹಿಮ್ಮಡಿಗೆ ಭಾರ ಬೀಳುವುದಿಲ್ಲ. ಮುದುಡಿ ಕೂತಾಗ ಬೀಳುತ್ತದೆ. ಆದರೂ ಚಾಪೆ ಮೇಲೆಯೇ ತಂಪು ಸಿಕ್ಕರೆ ಒಳ್ಳೆಯದು. ಬಾಟಲಿಯಲ್ಲಿ ನೀರು ಹಾಕಿ ಫ್ರೀಜರಿನಲ್ಲಿಟ್ಟು, ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಬಟ್ಟೆ ಒದ್ದೆಯಾದ ಕೂಡಲೇ ಬದಲಿಸಿ.

ಬಾಳೆಹಣ್ಣು ನಿಲ್ಲಿಸಿದರೆ ತೂಕಕ್ಕೂ ಒಳ್ಳೆಯದು. ಬಿಸ್ಕೆಟ್, ಬ್ರೆಡ್, ಅನ್ನ ಕೊಡುತ್ತಿದ್ದರೆ ಅದೂ ಬೇಡ. ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಮೊಲದ ಆಹಾರ) ದಿನಕ್ಕೆ, ತೂಕದ ಕೆ.ಜಿ.ಗೆ 25 ಗ್ರಾಂ ಒಳಗೆ ಇರಲಿ. ಉಳಿದದ್ದು ಹುಲ್ಲು. ಗರಿಕೆ ತುಂಬ ಒಳ್ಳೆಯದು, ಮದ್ದು ಹೊಡೆಯದ ಜಾಗದಿಂದ ತನ್ನಿ. ಬೈಹುಲ್ಲಿನಲ್ಲಿ ಸತ್ವ ಕಮ್ಮಿ, ಅದು ಹಾಸಿಗೆಗೇ ಸರಿ. ಏನೇ ಆದರೂ ಉಪವಾಸ ಹಾಕಬೇಡಿ. ಮೊಲ ಖಾಲಿ ಹೊಟ್ಟೆಯಲ್ಲಿ ಇದ್ದರೆ ಕರುಳು ನಿಂತುಹೋಗುತ್ತದೆ, ಲಿವರ್ ಕೆಡುತ್ತದೆ. ಆಹಾರವನ್ನು ಎರಡು ಮೂರು ವಾರದಲ್ಲಿ ನಿಧಾನವಾಗಿ ಬದಲಿಸಿ.

ಇನ್ನೊಬ್ಬ ಸದಸ್ಯರು (ಮಣಿಪಾಲ):

ಸರ್, ನನ್ನ ಮೊಲದ ಎರಡೂ ಹಿಮ್ಮಡಿಯಲ್ಲಿ ಕಡಲೆಬೇಳೆಯಷ್ಟು ಜಾಗ ಬೋಳಾಗಿದೆ. ಕೆಂಪಿಲ್ಲ, ರಕ್ತ ಇಲ್ಲ, ಆಟ ಆಡುತ್ತದೆ. ಇದೂ ಅದೇ ರೋಗವಾ? ಹಗಲು ಬಾಲ್ಕನಿಯಲ್ಲಿ ತಂತಿ ತಳದ ಗೂಡಿನಲ್ಲಿ ಇರುತ್ತದೆ.

ಪಶುವೈದ್ಯರ ಉತ್ತರ:

ಚಿಕ್ಕ ಬೋಳು ಜಾಗ, ತಿಳಿ ಗುಲಾಬಿ, ಒಣ ಚರ್ಮ, ಸುತ್ತಲಿನ ಕೂದಲು ಅದನ್ನು ಮುಚ್ಚುತ್ತದೆ ಅಂದರೆ ಹೆದರಬೇಡಿ, ಎಷ್ಟೋ ಮೊಲಗಳಲ್ಲಿ ಇರುತ್ತದೆ. ಆದರೆ ಗೂಡಿನ ತಂತಿ ತಳಕ್ಕೆ ಇವತ್ತೇ ಒಂದು ಹಲಗೆ ಇಟ್ಟು, ಮೇಲೆ ಟವೆಲ್ ಹಾಸಿ. ತಂತಿಯ ಮೇಲೆ ಇಡೀ ದಿನ ಕೂತರೆ ಈ ಕಡಲೆಬೇಳೆಯೇ ನಾಳೆ ಹುಣ್ಣು.

ಉಗುರನ್ನೂ ನೋಡಿ. ನಾಲ್ಕರಿಂದ ಆರು ವಾರಕ್ಕೊಮ್ಮೆ ಕತ್ತರಿಸಬೇಕು. ಬಿಳಿ ಉಗುರಿನೊಳಗೆ ಕೆಂಪು ನರ ಕಾಣುತ್ತದೆ, ಅದಕ್ಕಿಂತ ಸ್ವಲ್ಪ ಮುಂದೆ ಕತ್ತರಿಸಿ. ಕಪ್ಪು ಉಗುರಾದರೆ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯಿರಿ, ನರದ ನೆರಳು ಗೊತ್ತಾಗುತ್ತದೆ. ಮೊಲವನ್ನು ಅಂಗಾತ ಮಲಗಿಸಬೇಡಿ. ಆಗ ಸುಮ್ಮನೆ ಇರುವುದು ಹೆದರಿಕೆಯಿಂದ. ಒದ್ದಾಡಿದರೆ ಬೆನ್ನುಮೂಳೆಯೇ ಮುರಿಯಬಹುದು. ಒಬ್ಬರು ಎದೆಗೆ ಒರಗಿಸಿಕೊಂಡು ಹಿಂಭಾಗಕ್ಕೆ ಕೈ ಕೊಟ್ಟು ಹಿಡಿಯಿರಿ, ಇನ್ನೊಬ್ಬರು ಕಾಲು ನೋಡಿ.

ಬಿಜೈಯವರು (ಮೂರು ವಾರದ ನಂತರ):

ಡಾಕ್ಟ್ರೇ, ಎಕ್ಸ್‌ರೇಯಲ್ಲಿ ಮೂಳೆ ಸರಿ ಇದೆ. ನೋವಿನ ಔಷಧಿ ಕೊಟ್ಟರು, ಎಡಗಾಲಿಗೆ ಮೆತ್ತೆ ಇಟ್ಟು ಬ್ಯಾಂಡೇಜ್ ಕಟ್ಟಿದ್ದಾರೆ. ನಿನ್ನೆ ಬದಲಿಸುವಾಗ ನೋಡಿದೆ. ಹಕ್ಕಳೆ ಅರ್ಧಕ್ಕೆ ಇಳಿದಿದೆ, ಅಂಚಿನಲ್ಲಿ ತೆಳುವಾಗಿ ಹೊಸ ಚರ್ಮ ಬರುತ್ತಾ ಉಂಟು. ಬಲಗಾಲು ಪೂರ್ತಿ ಒಣಗಿದೆ. ತೂಕ 3.6. ಸಂಜೆ ಸೋಫಾಕ್ಕೆ ಹಾರಿದ, ನನಗೆ ಕಣ್ಣಲ್ಲಿ ನೀರು ಬಂತು. ಕೂದಲು ಮಾತ್ರ ಬಂದಿಲ್ಲ. ಬರುತ್ತದಾ? ಬಂದ ಮೇಲೆ ಚಾಪೆ ತೆಗೆಯಬಹುದಾ?

ಪಶುವೈದ್ಯರ ಉತ್ತರ:

ಓದಿ ತುಂಬ ಸಂತೋಷವಾಯಿತು. ಇದೇ ವೇಗದಲ್ಲಿ ಹೋಗಲಿ, ಅವಸರ ಬೇಡ. ಹುಣ್ಣು ಪೂರ್ತಿ ಮುಚ್ಚಲು ಇನ್ನೂ ಕೆಲವು ವಾರ, ಕೆಲವೊಮ್ಮೆ ತಿಂಗಳುಗಳು ಬೇಕು. ಚರ್ಮ ದಪ್ಪಗಟ್ಟಿದ ಜಾಗದಲ್ಲಿ ಕೂದಲು ಮೊದಲಿನ ಹಾಗೆ ಬರದೆಯೂ ಇರಬಹುದು. ಹಾಗಾಗಿ ಚಾಪೆ ತೆಗೆಯಬೇಡಿ, ಬೊಳ್ಳುವಿಗೆ ಅದು ಜೀವನ ಪೂರ್ತಿ ಬೇಕು.

ಬ್ಯಾಂಡೇಜ್ ಒದ್ದೆಯಾದರೆ ಅಥವಾ ಬೆರಳು ಊದಿದರೆ ಮುಂದಿನ ದಿನಕ್ಕೆ ಕಾಯದೆ ಬಿಚ್ಚಿಸಿ. ವಾರಕ್ಕೆ ಎರಡು ಸಲ ಒಂದೇ ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಎರಡೂ ಕಾಲಿನ ಫೋಟೋ ತೆಗೆಯಿರಿ. ಮುಂದಿನ ಭಾನುವಾರದ ಫೋಟೋ ಇಲ್ಲೇ ಹಾಕಿ, ನಿನ್ನೆಯದರ ಜೊತೆ ಇಟ್ಟು ನೋಡೋಣ.