ತೇವಾಂಶ ಕಳೆದರೆ ನಾನು ಬರೀ 47 ಕಿಲೊ, ಹಾಗಾದ್ರೆ ಡಯಟ್ ಯಾಕೆ?

ಗಂಜ್ ಮುನೀಮ, ಕಲಬುರಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಹದಿನೆಂಟು ವರ್ಷದಿಂದ ಮುನೀಮ, ಅಂದ್ರೆ ಲೆಕ್ಕ ಬರೆಯುವವ. ಬೆಳಗಾದ್ರೆ ತೊಗರಿ ತೂಗಿಸೋದೇ ಕೆಲಸ. ಹೋದ ವಾರ ಡಾಕ್ಟರು ನನ್ನನ್ನೇ ತೂಗಿದರು. 91 ಕಿಲೊ 400 ಗ್ರಾಂ. "ಆರು ಕಿಲೊ ಇಳಿಸಿಕೊಂಡು ಬನ್ನಿ" ಅಂದರು. ರೂಢಿ ನೋಡಿ, ಬಾಯಿ ತಪ್ಪಿ "ಇದು ಬಾರದಾನ ಹಿಡಿದೋ, ಕಳೆದೋ?" ಅಂತ ಕೇಳಿಬಿಟ್ಟೆ. ಬಾರದಾನ ಅಂದ್ರೆ ಮಾಲು ತುಂಬುವ ಖಾಲಿ ಚೀಲದ ತೂಕ. ಮನೆಯಾಕೆ ಪಕ್ಕದಲ್ಲೇ ಕೂತಿದ್ದಳು. ಮನೆ ಮುಟ್ಟುವವರೆಗೆ ಒಂದು ಮಾತೂ ಆಡಲಿಲ್ಲ.

ನಂಬಿಕೆ ಬರದೆ ಮರುದಿನ ಮಿಲ್ಲಿನ ಕಾಟಾದ ಮೇಲೂ ನಿಂತೆ. ಅದೇ 91.4. ಆ ಕಾಟಾಕ್ಕೆ ಸರ್ಕಾರದ ಸೀಲ್ ಇದೆ. ವಾದ ಮಾಡೋಕೆ ಆಗಲ್ಲ.

ಆದ್ರೆ ನಾನು ಕೇಳಿದ್ದರಲ್ಲಿ ತಪ್ಪೇನು? ಗಂಜ್ ಅಂದ್ರೆ ನಮ್ಮ ಧಾನ್ಯದ ಮಾರುಕಟ್ಟೆ. ಅಲ್ಲಿ ಯಾರೂ ಕಾಟಾ ತೋರಿಸಿದ್ದನ್ನು ಹಾಗೇ ಬರೆದುಕೊಳ್ಳುವುದಿಲ್ಲ. ಚೀಲದ ತೂಕ ಕಳೆಯುತ್ತೇವೆ. ಕಸ ಕಡ್ಡಿ ಕಳೆಯುತ್ತೇವೆ. ಆಮೇಲೆ ತೇವಾಂಶ. ಬೆಂಬಲ ಬೆಲೆಗೆ ತೊಗರಿ ಕೊಡಬೇಕಂದ್ರೆ ತೇವ 12 ಪರ್ಸೆಂಟ್ ದಾಟಬಾರದು. ಮನುಷ್ಯನ ಮೈಯಲ್ಲಿ ನೀರು ಸುಮಾರು 60 ಪರ್ಸೆಂಟ್ ಅಂತ ಮಗಳ ವಿಜ್ಞಾನ ಪುಸ್ತಕದಲ್ಲೇ ಇದೆ. 12 ಮಾಫಿ ಬಿಟ್ಟರೆ 48 ಜಾಸ್ತಿ ತೇವ. ಅದನ್ನು ಕಡಿತ ಮಾಡಿದ್ರೆ ನನ್ನ ನೆಟ್ ತೂಕ 47 ಕಿಲೊ 500 ಗ್ರಾಂ. ಐದಡಿ ಆರಿಂಚಿನ ಗಂಡಸಿಗೆ 47 ಕಿಲೊ ಅಂದ್ರೆ ಬಡಕಲು ಅಲ್ವಾ?

ಇಷ್ಟು ಹೇಳಿದರೂ ಮನೆಯಲ್ಲಿ ಡಯಟ್ ಶುರುವಾಗಿದೆ. "ಬಿಸಿ ರೊಟ್ಟಿ ಎರಡೇ" ಅಂತ ಆರ್ಡರ್. ಸರಿ, ಪಾಲಿಸುತ್ತಿದ್ದೇನೆ. ಕಡಕ್ ರೊಟ್ಟಿ ಬಗ್ಗೆ ಆಕೆ ಏನೂ ಹೇಳಿಲ್ಲ. ಅದರಲ್ಲಿ ನೀರೇ ಇಲ್ಲ, ಹಾಳೆ ಹಾಳೆಯಷ್ಟು ತೆಳು, ಏನು ತೂಕ ಬಂದೀತು? ಅದರ ದೋಷ ಒಂದೇ, ಸಪ್ಪಳ. ರಾತ್ರಿ ಹತ್ತೂವರೆಗೆ ಅಡುಗೆಮನೆಯಲ್ಲಿ ಒಂದು ರೊಟ್ಟಿ ಮುರಿದರೆ ಪಡಸಾಲೆಯಲ್ಲಿ ಮಲಗಿದವರು ಎದ್ದು ಕೂರುತ್ತಾರೆ. ಮೊದಲು ಟವೆಲ್ ಒಳಗಿಟ್ಟು ಮುರಿದು ನೋಡಿದೆ. ಟವೆಲ್ ತುಂಬ ಚೂರು, ಬೆಳಗ್ಗೆ ಸಿಕ್ಕಿಬಿದ್ದೆ. ಈಗ ಅಂಚಿಗೆ ನೀರು ಚಿಮುಕಿಸಿ, ಎರಡು ನಿಮಿಷ ಮೆತ್ತಗಾಗಲು ಬಿಟ್ಟು, ಶೇಂಗಾ ಹಿಂಡಿ (ಚಟ್ನಿಪುಡಿ), ಮೇಲೆ ಒಂದಿಷ್ಟು ಕುಸುಬಿ ಎಣ್ಣೆ ಹಾಕಿಕೊಂಡು ತಿನ್ನುತ್ತೇನೆ. ಹಿಂಡಿ ಹಚ್ಚಿಕೊಳ್ಳುವ ಸಾಮಾನು. ಅದು ಊಟದ ಲೆಕ್ಕಕ್ಕೆ ಬರುವುದಿಲ್ಲ ಅಂತ ನನ್ನ ತಿಳುವಳಿಕೆ.

ವ್ಯಾಯಾಮವೂ ಇದೆ. ದಿನಾ ಬೆಳಗ್ಗೆ ಅಪ್ಪನ ಕೆರೆ ಹತ್ತಿರ ವಾಕಿಂಗ್. ಹೊರಗೆ ಬಂದರೆ ಸುಸಲಾ, ಮಿರ್ಚಿ ಭಜಿ ಗಾಡಿ. ದಿನಾ ಮುಖ ನೋಡುವ ಮನುಷ್ಯ, ಸುಮ್ನೆ ಮುಂದೆ ಹೋಗೋದು ಹೇಗೆ?

ಡಯಟ್ ಯಾವಾಗ ಸರಿಯಾಗಿ ಶುರು ಮಾಡೋದು ಅಂತ ಕ್ಯಾಲೆಂಡರ್ ಕೂಡ ನೋಡಿದೆ. ಸಂಕ್ರಾಂತಿ, ಹೋಳಿ, ಅದು ಮುಗಿದ ಕೂಡಲೇ ಶರಣಬಸವೇಶ್ವರ ಅಪ್ಪನ ಜಾತ್ರೆ, ಯುಗಾದಿ, ಶ್ರಾವಣ, ಗಣಪತಿ, ದಸರಾ, ದೀಪಾವಳಿ, ಕೊನೆಗೆ ಎಳ್ಳ ಅಮಾವಾಸ್ಯೆ. ಆವತ್ತು ಹೊಲದಲ್ಲಿ ಕೂತು ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಬಿಡುವುದು ಭೂಮಿತಾಯಿಗೇ ಅವಮಾನ. ಖಾಲಿ ಇದ್ದದ್ದು ಮೇ ತಿಂಗಳು. 42 ಡಿಗ್ರಿ ಬಿಸಿಲಿನಲ್ಲಿ ಅರ್ಧ ಹೊಟ್ಟೆ ಇದ್ದು ತಲೆ ತಿರುಗಿ ಬಿದ್ದರೆ ಎತ್ತೋರು ಯಾರು? ಅದಕ್ಕೂ ನನ್ನ ತೂಕವೇ ಅಡ್ಡಿ.

ತಿಳಿದವರು ಹೇಳಿ. ನನ್ನ ತೇವಾಂಶದ ಲೆಕ್ಕ ಸರಿ ಇದೆಯೋ ಇಲ್ಲವೋ?

ಗುಡ್ಡದ ಗಾಳಿ, ಬೀದರ್

ಮುನೀಮರೇ, ಡಯಟ್ ಎಲ್ಲ ಬಿಡಿ, ಫ್ರಿಜ್ ನೀರು ಕುಡಿಯಿರಿ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡೋಕೆ ಒಂದು ಕ್ಯಾಲರಿ ಬೇಕು. ಶಾಲೆಯಲ್ಲಿ ಓದಿದ್ದು. ಫ್ರಿಜ್ ನೀರು 5 ಡಿಗ್ರಿ, ಹೊಟ್ಟೆ 37 ಡಿಗ್ರಿ. ಒಂದು ಲೀಟರ್ ಕುಡಿದರೆ 32 ಸಾವಿರ ಕ್ಯಾಲರಿ ಖರ್ಚು! ಒಂದು ಹೋಳಿಗೆ ಹೆಚ್ಚೆಂದ್ರೆ 300 ಅಂತ ಹಿಡಿಯಿರಿ. ಒಂದು ಬಾಟಲಿ ನೀರಿಗೆ ನೂರು ಹೋಳಿಗೆ ತಿನ್ನಬಹುದು. ತುಪ್ಪ ಬೇರೆ ಮಾಡಿ ಲೆಕ್ಕ ಹಾಕಿಕೊಳ್ಳಿ.

ಒಂದೇ ಎಚ್ಚರಿಕೆ. ಬೇಸಿಗೆಯಲ್ಲಿ ನಿಮ್ಮ ಕಲಬುರಗಿಯ ಮಾಳಿಗೆ ಟ್ಯಾಂಕಿನ ನೀರು ಕುಡಿಯಬೇಡಿ. ಅದು ಮೈಗಿಂತ ಬಿಸಿ ಇರುತ್ತೆ. ಕುಡಿದರೆ ತೂಕ ಹೆಚ್ಚಾಗುತ್ತೆ. ನಮ್ಮ ಬೀದರ್ ಎತ್ತರದಲ್ಲಿದೆ, ನಮಗೆ ಆ ತಾಪತ್ರಯ ಕಡಿಮೆ.

ಲೆಕ್ಕದ ಮಾಸ್ತರ, ಶಹಾಪುರ

ತೇವಾಂಶದ ಲೆಕ್ಕ ತಪ್ಪು. 60 ಪರ್ಸೆಂಟ್ ನೀರಾದ್ರೆ ಒಣ ಮಾಲು 40, ಅಂದ್ರೆ 36.56 ಕಿಲೊ. 12 ಪರ್ಸೆಂಟ್ ತೇವಕ್ಕೆ ಒಣಗಿಸಿದಾಗ ಈ ಒಣ ಮಾಲು ಒಟ್ಟು ತೂಕದ 88 ಪರ್ಸೆಂಟ್ ಆಗಬೇಕು. 36.56ನ್ನು 0.88ರಿಂದ ಭಾಗಿಸಿ. ಉತ್ತರ 41.5 ಕಿಲೊ. ನೀವು ಇನ್ನೂ ಆರು ಕಿಲೊ ಬಡಕಲು. ಡಾಕ್ಟರು ಇಳಿಸಿ ಅಂದ ಆರು ಕಿಲೊ ಇಲ್ಲೇ ಇಳಿಯಿತು, ನನ್ನ ಫೀಸು ಕಳಿಸಿ.

ಇನ್ನೊಂದು ಮಾತು. ನಿಮ್ಮ ತಪ್ಪು ಲೆಕ್ಕದಿಂದ ಮಾಲು ಮಾರುವವನಿಗೆ ಲಾಭ. ನಮ್ಮಪ್ಪ ಮೂವತ್ತು ವರ್ಷ ಗಂಜ್ ಮಾರುಕಟ್ಟೆಗೆ ತೊಗರಿ ಹಾಕಿದರು. ಒಮ್ಮೆಯೂ ತಪ್ಪು ನಮ್ಮ ಕಡೆ ಆಗಿದ್ದು ನಾನು ಕಾಣೆ. ನೀವು ನಿಜವಾಗಿ ಮುನೀಮರೇನಾ?

ಪಥ್ಯದಾಕೆ, ಕಲಬುರಗಿ

ಮುನೀಮ ಅಣ್ಣಾರೆ, ನಾನು ಇಲ್ಲೇ ಒಂದು ಆಸ್ಪತ್ರೆಯಲ್ಲಿ ಡಯಟಿಷಿಯನ್. ನಿಮ್ಮಂಥವರು ದಿನಾ ನಾಲ್ಕು ಜನ ಬರುತ್ತಾರೆ. ಆದ್ರೆ ಬಾರದಾನ ಕೇಳಿದವರು ನೀವೇ ಮೊದಲು.

ಮೊದಲು ಬೀದರಿನ ಅಣ್ಣನಿಗೆ. ಊಟದ ಕ್ಯಾಲರಿ ಅನ್ನೋದು ಕಿಲೊ ಕ್ಯಾಲರಿ. ಪ್ಯಾಕೆಟ್ ಮೇಲೆ ನೋಡಿ. ನಿಮ್ಮ 32 ಸಾವಿರ ಅಂದ್ರೆ ಊಟದ ಲೆಕ್ಕದಲ್ಲಿ 32. ಒಂದು ಟೀ ಚಮಚ ಎಣ್ಣೆಯಲ್ಲಿ 40 ಇರುತ್ತೆ. ನೂರು ಹೋಳಿಗೆ ಹಾಗಿರಲಿ, ಹೋಳಿಗೆಗೆ ಸವರಿದ ಎಣ್ಣೆಯೂ ತೀರುವುದಿಲ್ಲ.

ಈಗ ತೇವಾಂಶ. 60 ಪರ್ಸೆಂಟ್ ಅನ್ನೋದು ಸರಾಸರಿ. ಕೊಬ್ಬಿನಲ್ಲಿ ನೀರು ತೀರಾ ಕಡಿಮೆ, ಮಾಂಸಖಂಡದಲ್ಲಿ ಜಾಸ್ತಿ. ಅಂದ್ರೆ ಮೈ ದಪ್ಪ ಆದಷ್ಟೂ ನೀರಿನ ಪಾಲು ಇಳಿಯುತ್ತೆ. ನಿಮ್ಮ ಭಾಷೆಯಲ್ಲಿ ಹೇಳೋದಾದ್ರೆ ನಿಮ್ಮ ಮಾಲು ಹಸಿ ತೊಗರಿ ಅಲ್ಲ, ಒಣಗಿದ ಶೇಂಗಾ. ಕಡಿತ ಮಾಡೋಕೆ ಅಷ್ಟೊಂದು ತೇವವೇ ಇಲ್ಲ.

ಕಡಕ್ ರೊಟ್ಟಿಯಿಂದ ಹೋಗಿದ್ದು ನೀರು, ನೀರಿಗೆ ಕ್ಯಾಲರಿ ಇರಲಿಲ್ಲ. ಹಿಟ್ಟು ಅಷ್ಟೇ ಇದೆ. ತೂಕಕ್ಕೆ ತೂಕ ಇಟ್ಟರೆ ಬಿಸಿ ರೊಟ್ಟಿಗಿಂತ ಕಡಕ್ ರೊಟ್ಟಿಯಲ್ಲೇ ಕ್ಯಾಲರಿ ಜಾಸ್ತಿ. ಶೇಂಗಾದಲ್ಲಿ ಅರ್ಧದಷ್ಟು ಎಣ್ಣೆಯೇ. 100 ಗ್ರಾಂಗೆ 560ರ ಮೇಲೆ ಕ್ಯಾಲರಿ. ಅದರ ಮೇಲೆ ಮತ್ತೆ ಕುಸುಬಿ ಎಣ್ಣೆ! ಹಿಂಡಿ ಬಿಡಿ ಅಂತ ನಾನು ಹೇಳಲ್ಲ, ನಾನೂ ಇದೇ ಊರವಳು. ಚಮಚದಲ್ಲಿ ಹಾಕಿಕೊಳ್ಳಿ, ಡಬ್ಬಿ ಬೋರಲು ಹಾಕಬೇಡಿ. ಎರಡು ರೊಟ್ಟಿ, ಬಟ್ಟಲು ತುಂಬ ಪುಂಡಿಪಲ್ಯೆ, ಗಟ್ಟಿ ಬೇಳೆ, ಮಜ್ಜಿಗೆ. ಹಸಿವು ತಡೆಯುತ್ತೆ.

ಒಂದು ಕಿಲೊ ಕೊಬ್ಬು ಕರಗಬೇಕಂದ್ರೆ ಸುಮಾರು 7,700 ಕ್ಯಾಲರಿ. ದಿನಕ್ಕೆ 500 ಕಡಿಮೆ ಮಾಡಿದ್ರೆ ಆರು ಕಿಲೊಗೆ ಮೂರು ತಿಂಗಳು. ಮೈ ನಿಮ್ಮ ಖಾತೆ ಪುಸ್ತಕದಷ್ಟು ನೇರ ಇಲ್ಲ, ಇನ್ನೊಂದಿಷ್ಟು ದಿನ ಹಿಡಿಯಬಹುದು. ಮೊದಲ ವಾರ ದಡದಡ ಇಳಿದರೆ ಹಿಗ್ಗಬೇಡಿ. ಅದು ಬಹುಪಾಲು ನೀರು. ಭಜಿ ಗಾಡಿಯವನಿಗೆ ದೂರದಿಂದ ಕೈ ಮಾಡಿ ಹೋಗಿ, ಬೇಜಾರಾಗಲ್ಲ.

ಗಂಜ್ ಮುನೀಮ, ಕಲಬುರಗಿ

ಎಲ್ಲರಿಗೂ ಧನ್ಯವಾದ. ಅಕ್ಕಾರೆ, ನೀವು ಬರೆದದ್ದರಲ್ಲಿ "ಗಟ್ಟಿ ಬೇಳೆ" ಅನ್ನೋದನ್ನು ಮಾತ್ರ ಮನೆಯಾಕೆಗೆ ಓದಿ ಹೇಳಿದೆ. ನಮ್ಮ ತೊಗರಿಗೆ 2019ರಲ್ಲೇ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಬಂದಿದೆ, ಬಿಡೋಕೆ ಆಗುತ್ತಾ? ಆಕೆ ಫೋನ್ ಇಸಕೊಂಡು ಉಳಿದದ್ದನ್ನೂ ಓದಿದಳು. ಟವೆಲ್ ವಿಷಯ ಗೊತ್ತಿತ್ತು. ನೀರು ಚಿಮುಕಿಸೋದು ಗೊತ್ತಿರಲಿಲ್ಲ. ಈಗ ಕಡಕ್ ರೊಟ್ಟಿ ಡಬ್ಬಿ ಅಟ್ಟದ ಮೇಲಿದೆ. ಹಿಂಡಿಗೆ ಚಮಚ ಬಂದಿದೆ, ಅದೂ ಮಗುವಿಗೆ ಔಷಧಿ ಹಾಕುತ್ತಿದ್ದ ಚಮಚ.

ಮಾಸ್ತರೇ, 41.5ರ ಲೆಕ್ಕ ಸೇಟ್‌ಜಿಗೆ ತೋರಿಸಿದೆ. ಅವರು ನನ್ನ ಮುಖ ನೋಡಿ ಒಳಗೆ ಹೋದರು. ಫೀಸಿನ ಮಾತು ಸದ್ಯಕ್ಕೆ ಬೇಡ.

ಹತ್ತು ದಿನ ಹೇಳಿದ ಹಾಗೆ ನಡೆದುಕೊಂಡೆ. ಇವತ್ತು ಮಧ್ಯಾಹ್ನ ಮಿಲ್ಲಿನ ಕಾಟಾ ಹತ್ತಿದೆ. 90.9. ಬರೋಬ್ಬರಿ ಅರ್ಧ ಕಿಲೊ ಕಡಿಮೆ! ಎಲ್ಲರಿಗೂ ಚಹಾ ತರಿಸಿದೆ. ನನ್ನದು ಸಕ್ಕರೆ ಇಲ್ಲದ್ದು. ಒಬ್ಬ ಹಮಾಲ ಮಾತ್ರ ಕಪ್ಪು ಹಿಡಿದುಕೊಂಡು ನನ್ನ ಸೊಂಟದ ಕಡೆಯೇ ನೋಡುತ್ತಿದ್ದ. "ಮುನೀಮ್ರೀ, ದಿನಾ ಜೋತಾಡೋ ಗೋದಾಮಿನ ಕೀಲಿ ಗೊಂಚಲ ಎಲ್ಲಿ ಇಟ್ಟೀರಿ?" ಅಂದ.

ಟೇಬಲ್ ಮೇಲಿತ್ತು. ಅವನೇ ತಂದು ಕಾಟಾದ ಮೇಲೆ ಇಟ್ಟ. 500 ಗ್ರಾಂ.

ಮಾಸ್ತರೇ, ಇದನ್ನು ಬಾರದಾನದಲ್ಲಿ ಹಿಡಿಯಬಹುದಾ?