ಹೆಸರು ಅಳಿದ ಅಗ್ಗದ ಪೌಡರ್‌ನಿಂದ ತೋಟಾ ತುಂಬಬಹುದೇ? ಬಲ್ಲವರ ಅನುಭವ

ಕೇಳಿದ ಪ್ರಶ್ನೆ

ನಾನು ಕೊಲರಾಡೊದಲ್ಲಿ ನೆಲೆಸಿದ್ದೇನೆ. ಜಿಂಕೆ ಬೇಟೆಗೆ .270 ವಿಂಚೆಸ್ಟರ್ ರೈಫಲ್ ಬಳಸುತ್ತೇನೆ, ಇತ್ತೀಚೆಗೆ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುವುದನ್ನು ಕಲಿತಿದ್ದೇನೆ. ತೀರಿಹೋದ ಹಿರಿಯರೊಬ್ಬರ ಮನೆಯ ಸಾಮಾನು ಮಾರಾಟದಲ್ಲಿ ಎಂಟು ಪೌಂಡ್ ಪೌಡರ್ (ತೋಟಾಕ್ಕೆ ತುಂಬುವ ಮದ್ದು) ಹಿಡಿಯುವ ಡಬ್ಬಿಯೊಂದು ಅಂಗಡಿ ಬೆಲೆಯ ಕಾಲು ಭಾಗಕ್ಕೆ ಸಿಕ್ಕಿತು. ಅದರ ಮೇಲೆ ಕಂಪನಿಯ ಚೀಟಿಯಿಲ್ಲ, ‘ಸರ್ಪ್ಲಸ್ 4831’ (ಸರ್ಪ್ಲಸ್ ಅಂದರೆ ಸೇನೆಯಲ್ಲಿ ಉಳಿದು ಮಾರಾಟಕ್ಕೆ ಬಂದದ್ದು, 4831 ಒಂದು ಪೌಡರ್‌ನ ಹೆಸರು) ಎಂದು ಮಾರ್ಕರ್ ಪೆನ್ನಿನಲ್ಲಿ ಬರೆದಿದೆ ಅಷ್ಟೆ. ಪೌಡರ್ ಒಣಗಿದೆ, ನೋಡಲು ಚೆನ್ನಾಗಿದೆ. ಕೈಪಿಡಿಯಲ್ಲಿ 4831ಕ್ಕೆ ಕೊಟ್ಟಿರುವ ಆರಂಭದ ಪ್ರಮಾಣಕ್ಕಿಂತಲೂ ಕಡಿಮೆಯಿಂದ ಶುರುಮಾಡಿ ನಿಧಾನವಾಗಿ ಏರಿಸಿದರೆ ಇದನ್ನು ಬಳಸಬಹುದೇ? ಅನುಭವವಿದ್ದವರು ತಿಳಿಸಬೇಕಾಗಿ ವಿನಂತಿ.

ಕಾನ್ಸಾಸ್‌ನಿಂದ ಬಂದ ಉತ್ತರ

ಬಳಸಬೇಡಿ. ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ಸರ್ಪ್ಲಸ್ ಎಂದೊಡನೆ ಮುಖ ತಿರುಗಿಸುವವನು ನಾನಲ್ಲ. ಅಮೆರಿಕದಲ್ಲಿ ಈ ಹವ್ಯಾಸ ಸಾಮಾನ್ಯ ಜನರ ಕೈಗೆಟುಕಿದ್ದೇ ಸರ್ಪ್ಲಸ್ ಪೌಡರ್‌ನಿಂದ. ಎರಡನೇ ಮಹಾಯುದ್ಧ ಮುಗಿದಾಗ ಸೇನೆಯ ಬಳಿ ಅಪಾರ ಪ್ರಮಾಣದ ಪೌಡರ್ ಉಳಿದಿತ್ತು. ನಮ್ಮ ಕಾನ್ಸಾಸ್‌ನವರೇ ಆದ ಬ್ರೂಸ್ ಹಾಡ್ಜ್‌ಡನ್ ಅವರು ಜೀವವಿಮೆಯ ಮೇಲೆ ಸಾಲ ತೆಗೆದು 4895 ಎಂಬ ಹೆಸರಿನ ಪೌಡರನ್ನು 50,000 ಪೌಂಡ್ ಕೊಂಡರು, ಇಡಲು ಜಾಗವಿಲ್ಲದೆ ಹಳೆಯ ರೈಲು ಡಬ್ಬಿಯೊಂದನ್ನು ಹುಲ್ಲುಗಾವಲಿಗೆ ತರಿಸಿ ಅದರಲ್ಲಿ ತುಂಬಿಟ್ಟರು, 150 ಪೌಂಡಿನ ಪೀಪಾಯಿಯೊಂದಕ್ಕೆ 30 ಡಾಲರ್ ಮತ್ತು ಸಾಗಣೆಯ ಖರ್ಚಿನಂತೆ ಮಾರಿದರು. ಅಂದರೆ ಪೌಂಡಿಗೆ 20 ಸೆಂಟ್. ಆದರೆ ಆ ಪೌಡರ್ ಅಗ್ಗವಾಗಿತ್ತೇ ಹೊರತು ಅನಾಮಧೇಯವಾಗಿರಲಿಲ್ಲ. ಅದನ್ನು ತಯಾರಿಸಿದವರು ಯಾರು, ಯಾವ ತೋಟಾಕ್ಕಾಗಿ ತಯಾರಿಸಿದ್ದರು ಎಂಬುದೆಲ್ಲ ಕೊಳ್ಳುವವರಿಗೂ ಮಾರುವವರಿಗೂ ಗೊತ್ತಿತ್ತು. ಗ್ಯಾರಂಡ್ ರೈಫಲ್ಲಿನ .30-06 ಸೇನಾ ತೋಟಾದಲ್ಲಿ ತುಂಬುತ್ತಿದ್ದ ಪೌಡರ್ ಅದು. ನಿಮ್ಮ ಡಬ್ಬಿಯಲ್ಲಿ ಕಾಣೆಯಾಗಿರುವುದು ಈ ಗುರುತೇ, ಮತ್ತು ಗುರುತಿಲ್ಲದ ಮೇಲೆ ಕೈಪಿಡಿಯ ಯಾವ ಪುಟವೂ ನಿಮಗೆ ಅನ್ವಯಿಸುವುದಿಲ್ಲ.

‘4831 ಎಂದು ಬರೆದಿದೆಯಲ್ಲ’ ಎಂದು ನೀವು ಕೇಳಬಹುದು. ಆ ಸಂಖ್ಯೆಯೇ ದೊಡ್ಡ ತೊಡಕು. ಯುದ್ಧಾನಂತರ 20 ಮಿ.ಮೀ. ಓರ್ಲಿಕಾನ್ ಫಿರಂಗಿಯ ಶೆಲ್ಲುಗಳಿಂದ ತೆಗೆದ ಪೌಡರ್ 4831 ಎಂಬ ಹೆಸರಿನಲ್ಲಿ ಮಾರಾಟವಾಯಿತು; .270ರವರು ಅದನ್ನು ತುಂಬ ಮೆಚ್ಚಿದರು. ಅದು ತೀರುತ್ತ ಬಂದಾಗ ಅದೇ ಹೆಸರಿನಲ್ಲಿ ಹೊಸದಾಗಿ ತಯಾರಾದ, ಹಾಡ್ಜ್‌ಡನ್ ಅವರ ಎಚ್4831 ಬಂತು. 1970ರ ದಶಕದಲ್ಲಿ ಡುಪಾಂಟ್ ಕಂಪನಿ ತನ್ನದೇ ಐಎಂಆರ್ 4831 ಅನ್ನು ಮಾರುಕಟ್ಟೆಗೆ ಬಿಟ್ಟಿತು. ಅದು ಎಚ್4831ಗಿಂತ ವೇಗವಾಗಿ ಉರಿಯುತ್ತದೆ. ಎಚ್4831ಕ್ಕೆ ಬರೆದ ಗರಿಷ್ಠ ಪ್ರಮಾಣವನ್ನು ಐಎಂಆರ್ 4831ರಲ್ಲಿ ತುಂಬಿದರೆ ಒತ್ತಡ ಮಿತಿಯನ್ನು ಮೀರುತ್ತದೆ ಎಂಬ ಎಚ್ಚರಿಕೆ ಕೈಪಿಡಿಗಳಲ್ಲಿ ಈಗಲೂ ಇದೆ. ಕಾರ್ಖಾನೆಯ ಚೀಟಿಯಿದ್ದ ಎರಡು ಡಬ್ಬಿಗಳ ನಡುವೆಯೇ ಇಷ್ಟು ಅಂತರವಿರುವಾಗ, ಯಾರೋ ಎಂದೋ ಬರೆದ ನಾಲ್ಕು ಅಂಕಿಗಳು ಯಾವ 4831 ಅನ್ನು ಸೂಚಿಸುತ್ತವೆ ಎಂದು ಹೇಳುವವರು ಯಾರೂ ಉಳಿದಿಲ್ಲ. ಆ ಹಿರಿಯರು ಖಾಲಿಯಾದ ಡಬ್ಬಿಯಲ್ಲಿ ಬೇರೊಂದು ಪೌಡರ್ ತುಂಬಿಟ್ಟು ಹಳೆಯ ಬರಹವನ್ನು ಅಳಿಸದೆ ಬಿಟ್ಟಿರುವ ಸಾಧ್ಯತೆಯೂ ಇದೆ.

ಇನ್ನು ಕಡಿಮೆಯಿಂದ ಆರಂಭಿಸುವ ಮಾತು. ಅನೇಕರು ಇದನ್ನು ಸುರಕ್ಷಿತ ದಾರಿ ಎಂದು ನಂಬಿದ್ದಾರೆ. ಪೌಡರ್ ಯಾವುದೆಂದು ಗೊತ್ತಿದ್ದಾಗ ಮಾತ್ರ ಆ ನಂಬಿಕೆ ಸರಿ. .270 ವಿಂಚೆಸ್ಟರ್ ತೋಟಾಕ್ಕೆ ಅಮೆರಿಕದ ಉದ್ಯಮ ನಿಗದಿಪಡಿಸಿದ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 65,000 ಪೌಂಡ್. ನಿಮ್ಮ ಕಾರಿನ ಟೈರಿನಲ್ಲಿರುವುದು ಸುಮಾರು 35. ಪಿಸ್ತೂಲಿಗೆಂದು ತಯಾರಾದ, ಬಹಳ ಬೇಗ ಉರಿಯುವ ಪೌಡರ್ ಆ ಡಬ್ಬಿಯಲ್ಲಿದ್ದರೆ, ನೀವು ಸಾಕಷ್ಟು ಇಳಿಸಿ ತುಂಬಿದರೂ ಮೊದಲ ಗುಂಡಿಗೇ ಆ ಮಿತಿ ದಾಟಿ ರೈಫಲ್ಲಿನ ಚೇಂಬರ್ (ತೋಟಾ ಕೂರುವ ಭಾಗ) ನಿಮ್ಮ ಮುಖದ ಪಕ್ಕದಲ್ಲೇ ಒಡೆಯಬಹುದು. ಇದಕ್ಕೆ ವಿರುದ್ಧವಾಗಿ, ದೊಡ್ಡ ಫಿರಂಗಿಗೆ ತಯಾರಾದ ತೀರಾ ನಿಧಾನದ ಪೌಡರ್ ಇದ್ದು ಅದನ್ನು ಕಡಿಮೆ ತುಂಬಿದರೆ ಅದು ಸರಿಯಾಗಿ ಹೊತ್ತಿಕೊಳ್ಳದೆ ಬುಲೆಟ್ಟು ನಳಿಗೆಯ ನಡುವೆ ಸಿಕ್ಕಿಕೊಳ್ಳಬಹುದು. ಅದನ್ನು ಗಮನಿಸದೆ ಇನ್ನೊಂದು ಗುಂಡು ಹಾರಿಸಿದರೆ ನಳಿಗೆ ಸೀಳುತ್ತದೆ. ಹೀಗಾಗಿ ಕಡಿಮೆ ಎಂಬುದು ಯಾವುದಕ್ಕಿಂತ ಕಡಿಮೆ ಎಂದು ತಿಳಿಯದ ಹೊರತು ಅದರಿಂದ ರಕ್ಷಣೆಯಿಲ್ಲ.

ಕಣ್ಣಳತೆಯಲ್ಲಿ ಗುರುತು ಹಿಡಿಯುತ್ತೇನೆ ಎಂದು ಹೊರಟವರನ್ನು ನಾನು ನೋಡಿದ್ದೇನೆ. ಬಿಳಿ ಕಾಗದದ ಮೇಲೆ ಒಂದು ಚಿಟಿಕೆ ಹರಡಿ ಭೂತಗನ್ನಡಿಯಲ್ಲಿ ನೋಡಿದರೆ ಎಚ್4831 ಸಣ್ಣದಾಗಿ ಕತ್ತರಿಸಿದ ಪೆನ್ಸಿಲ್ ಸೀಸದಂತೆ ಕಾಣುತ್ತದೆ: ಗಾಢ ಬೂದು ಬಣ್ಣ, ಗ್ರಾಫೈಟಿನ ಹೊಳಪು. ಐಎಂಆರ್ 4831ರ ಕಾಳೂ ಹಾಗೆಯೇ ಕಾಣುತ್ತದೆ, ಅದಕ್ಕಿಂತ ಎಷ್ಟೋ ವೇಗವಾಗಿ ಉರಿಯುವ ಹತ್ತಾರು ಪೌಡರ್‌ಗಳ ಕಾಳೂ ಹಾಗೆಯೇ ಇರುತ್ತದೆ. ಉರಿಯುವ ವೇಗವನ್ನು ನಿರ್ಧರಿಸುವುದು ಕಾಳಿನ ಮೇಲೆ ಲೇಪಿಸಿದ ರಾಸಾಯನಿಕದ ಪದರ, ಕಾಳಿನ ನಡುವಿನ ಸೂಕ್ಷ್ಮ ರಂಧ್ರದ ಅಳತೆ, ಒಳಗೆ ನೈಟ್ರೋಗ್ಲಿಸರಿನ್ ಇದೆಯೇ ಇಲ್ಲವೇ ಎಂಬುದು. ಇವಾವುವನ್ನೂ ಮೇಜಿನ ಮುಂದೆ ಕುಳಿತು ಅಳೆಯಲಾಗದು. ಬಯಲಿನಲ್ಲಿ ಒಂದಿಷ್ಟು ಉರಿಸಿ ಹೋಲಿಸಿ ನೋಡುವುದರಿಂದಲೂ ಪ್ರಯೋಜನವಿಲ್ಲ, ಏಕೆಂದರೆ ಮುಚ್ಚಿದ ಚೇಂಬರಿನ ಒತ್ತಡದಲ್ಲಿ ಅದು ಹೇಗೆ ಉರಿಯುತ್ತದೆ ಎಂಬುದು ಬಯಲ ಉರಿಯಿಂದ ತಿಳಿಯುವುದಿಲ್ಲ. ಕಾರ್ಖಾನೆಗಳಲ್ಲಿ ಇದಕ್ಕಾಗಿಯೇ ಒತ್ತಡ ಅಳೆಯುವ ಸಂವೇದಕ ಕೂರಿಸಿದ ಪರೀಕ್ಷಾ ನಳಿಗೆಗಳಿರುತ್ತವೆ. ಚಪ್ಪಟೆಯಾದ ಪ್ರೈಮರ್ (ಪೌಡರ್‌ಗೆ ಕಿಡಿ ಕೊಡುವ ಬಿಲ್ಲೆ), ಎತ್ತಲು ಬಿಗಿಯಾದ ಬೋಲ್ಟ್ (ಚೇಂಬರನ್ನು ಮುಚ್ಚುವ ಅಗುಳಿ), ತೋಟಾದ ಲೋಹದ ಕವಚವಾದ ಕೇಸಿನ ತಳದಲ್ಲಿ ಹೊಳೆಯುವ ಗುರುತು ಇವನ್ನೆಲ್ಲ ನೋಡಿಕೊಂಡು ಮುಂದುವರಿಯುತ್ತೇನೆ ಎನ್ನುವವರು ನೆನಪಿಡಬೇಕಾದ ಸಂಗತಿಯೆಂದರೆ, ಆ ಗುರುತುಗಳು ಕಾಣಿಸುವ ಹೊತ್ತಿಗೆ ಒತ್ತಡ ಆಗಲೇ ಮಿತಿ ಮೀರಿರುತ್ತದೆ.

ಒಂದು ಲೆಕ್ಕವನ್ನೂ ಮಾಡಿ ನೋಡಿ. ಒಂದು ಪೌಂಡಿಗೆ 7,000 ಗ್ರೇನ್. .270ಕ್ಕೆ ಸುಮಾರು 55 ಗ್ರೇನ್ ಹಿಡಿಯುತ್ತದೆ ಎಂದಿಟ್ಟುಕೊಂಡರೆ ಪೌಂಡಿನಿಂದ 120ಕ್ಕೂ ಹೆಚ್ಚು ತೋಟಾ ಆಗುತ್ತವೆ. ಪೌಂಡಿಗೆ 30 ಡಾಲರ್ ಉಳಿಯಿತು ಎಂದರೂ ತೋಟಾ ಒಂದಕ್ಕೆ ಉಳಿದದ್ದು ಸುಮಾರು 24 ಸೆಂಟ್. ಬೇಟೆಯ ಇಡೀ ಋತುವಿನಲ್ಲಿ ನೀವು ಹಾರಿಸುವ ಗುಂಡುಗಳಿಗೆ ಈ ಉಳಿತಾಯ ಎಷ್ಟಾದೀತು ಎಂಬುದನ್ನು ನಿಮ್ಮ ಕಣ್ಣು ಮತ್ತು ಬೆರಳುಗಳ ಎದುರು ಇಟ್ಟು ತೂಗಿ.

ರಸಾಯನಶಾಸ್ತ್ರ ಬಲ್ಲವರೊಬ್ಬರ ಉತ್ತರ

ಹಿಂದಿನ ಉತ್ತರವನ್ನು ಒಪ್ಪುತ್ತೇನೆ. ಅದರಲ್ಲಿ ಬಾರದ ಒಂದು ವಿಷಯವೆಂದರೆ ಪೌಡರ್‌ನ ವಯಸ್ಸು. ಡಬ್ಬಿಯನ್ನು ನೀವು ಬಳಸದೆ ಕಪಾಟಿನಲ್ಲಿಟ್ಟರೂ ಈ ಅಪಾಯ ಇದ್ದೇ ಇರುತ್ತದೆ.

ನಾವು ಇಲ್ಲಿ ಮಾತಾಡುತ್ತಿರುವ ಸ್ಮೋಕ್‌ಲೆಸ್ ಪೌಡರ್‌ನ, ಅಂದರೆ ಹೆಚ್ಚು ಹೊಗೆ ಬಾರದ ಮದ್ದಿನ, ಮೂಲದ್ರವ್ಯ ನೈಟ್ರೋಸೆಲ್ಯುಲೋಸ್. ಅದು ತಯಾರಾದ ದಿನದಿಂದಲೇ ಬಹಳ ನಿಧಾನವಾಗಿ ಒಡೆಯುತ್ತ ನೈಟ್ರೋಜನ್ ಆಕ್ಸೈಡುಗಳನ್ನು ಬಿಡುತ್ತದೆ, ಆ ಆಕ್ಸೈಡುಗಳು ಒಡೆಯುವಿಕೆಯನ್ನು ಇನ್ನಷ್ಟು ಚುರುಕುಗೊಳಿಸುತ್ತವೆ. ಅವನ್ನು ಹೀರಿಕೊಳ್ಳಲೆಂದೇ ಡೈಫಿನೈಲಮೀನ್‌ನಂತಹ ಸ್ಥಿರಕಾರಿಯನ್ನು ಶೇಕಡಾ ಒಂದರ ಆಸುಪಾಸಿನಲ್ಲಿ ಬೆರೆಸಿರುತ್ತಾರೆ. ಆ ಸ್ಥಿರಕಾರಿ ಮುಗಿದ ಮೇಲೆ ತಡೆಯುವವರಿಲ್ಲ: ಶಾಖ ಒಳಗೇ ಕೂಡುತ್ತ ಹೋಗಿ ಪೌಡರ್ ತಾನಾಗಿಯೇ ಹೊತ್ತಿಕೊಳ್ಳಬಹುದು. ತಂಪಾದ ಒಣ ಜಾಗದಲ್ಲಿಟ್ಟ ಪೌಡರ್ ದಶಕಗಳ ಕಾಲ ಕೆಡದೆ ಇರುವುದುಂಟು, ಬೇಸಿಗೆಯಲ್ಲಿ ಕಾಯುವ ಗ್ಯಾರೇಜಿನಲ್ಲಿಟ್ಟದ್ದು ಬೇಗ ಕೆಡುತ್ತದೆ. ನಿಮ್ಮ ಡಬ್ಬಿ ಎಲ್ಲೆಲ್ಲಿ ಎಷ್ಟು ವರ್ಷ ಇತ್ತು ಎಂಬುದು ನಿಮಗೆ ತಿಳಿಯದು.

ಇದು ಪುಸ್ತಕದ ಭಯವಲ್ಲ. ಫ್ರಾನ್ಸಿನಲ್ಲಿ ಪಾಲ್ ವಿಯೆಲ್ 1884ರಲ್ಲಿ ಮೊದಲ ಸ್ಮೋಕ್‌ಲೆಸ್ ಪೌಡರ್ ತಯಾರಿಸಿದ ಮೇಲೆ ಅದರ ಕೆಡುವ ಗುಣವನ್ನು ಅರಿಯಲು ಆ ದೇಶ ತೆತ್ತ ಬೆಲೆ ದೊಡ್ಡದು. ಟುಲಾನ್ ಬಂದರಿನಲ್ಲಿ 1907ರಲ್ಲಿ ‘ಇಯೆನಾ’, 1911ರಲ್ಲಿ ‘ಲಿಬರ್ಟೆ’ ಯುದ್ಧನೌಕೆಗಳು ಸ್ಫೋಟಗೊಂಡವು. ಮೊದಲನೆಯದರಲ್ಲಿ ನೂರಕ್ಕೂ ಹೆಚ್ಚು, ಎರಡನೆಯದರಲ್ಲಿ ಸುಮಾರು 300 ಜನ ಸತ್ತರು. ಎರಡಕ್ಕೂ ಕೆಟ್ಟುಹೋದ ಪೌಡರನ್ನೇ ಕಾರಣವೆಂದು ಗುರುತಿಸಲಾಯಿತು. ನಮ್ಮ ಕಾಲದ್ದೇ ಬೇಕೆಂದರೆ ಲೂಸಿಯಾನಾದ ಕ್ಯಾಂಪ್ ಮಿಂಡೆನ್ ಇದೆ. ಸೇನೆಯ ಹಳೆಯ ಪೌಡರ್ ಇಟ್ಟಿದ್ದ ಬಂಕರೊಂದು ಅಲ್ಲಿ 2012ರ ಅಕ್ಟೋಬರಿನಲ್ಲಿ ಸಿಡಿಯಿತು, ಆನಂತರ ತನಿಖೆ ಮಾಡಿದಾಗ ಸರಿಯಾಗಿ ಇಡದ ಲಕ್ಷಾಂತರ ಪೌಂಡ್ ಪೌಡರ್ ಪತ್ತೆಯಾಯಿತು. ಅದನ್ನು ಸುಟ್ಟು ವಿಲೇವಾರಿ ಮಾಡುವ ಕೆಲಸ 2017ರವರೆಗೆ ನಡೆಯಿತು.

ನಿಮ್ಮ ಡಬ್ಬಿಯ ಮುಚ್ಚಳ ತೆರೆದು, ಮುಖವನ್ನು ದೂರವಿಟ್ಟುಕೊಂಡು ಗಮನಿಸಿ. ಚೆನ್ನಾಗಿರುವ ಪೌಡರ್‌ನಲ್ಲಿ ಈಥರ್ ಅಥವಾ ಆಲ್ಕೊಹಾಲಿನ ಹಗುರ ವಾಸನೆ ಇರುತ್ತದೆ. ಮೂಗಿಗೆ ಕುಟುಕುವ ಹುಳಿ ವಾಸನೆ, ಕಾಳಿನ ಮೇಲೆ ತುಕ್ಕಿನಂತಹ ಕೆಂಗಂದು ಧೂಳು, ಡಬ್ಬಿಯೊಳಗೆ ಕೆಂಪುಛಾಯೆಯ ಹೊಗೆ, ಲೋಹದ ಮುಚ್ಚಳದ ಒಳಬದಿ ತಿಂದುಹೋಗಿರುವುದು ಇವುಗಳಲ್ಲಿ ಒಂದು ಕಂಡರೂ ಆ ಡಬ್ಬಿ ಆ ದಿನವೇ ಮನೆಯಿಂದ ಹೊರಗೆ ಹೋಗಬೇಕು. ಈ ಲಕ್ಷಣಗಳು ಕಾಣಲಿಲ್ಲವೆಂದ ಮಾತ್ರಕ್ಕೆ ಪೌಡರ್ ಯಾವುದೆಂದು ಗೊತ್ತಾದಂತಾಗುವುದಿಲ್ಲ, ಹಾಗಾಗಿ ಅದನ್ನು ತೋಟಾಕ್ಕೆ ತುಂಬುವ ಪ್ರಶ್ನೆ ಆಗಲೂ ಬರುವುದಿಲ್ಲ.

ಮಡಿಕೇರಿಯಿಂದ ಬಂದ ಚಿಕ್ಕ ಉತ್ತರ

ಈ ಚರ್ಚೆಯನ್ನು ಊರಿನಲ್ಲಿ ಕುಳಿತು ಓದುವವರಿಗಾಗಿ ಎರಡು ಮಾತು. ಕೊಡಗು ಮತ್ತು ಮಲೆನಾಡಿನಲ್ಲಿ ಕೇಪಿನ ಕೋವಿಯನ್ನು ನೋಡುತ್ತ ಬೆಳೆದವರಿಗೆ ಮದ್ದನ್ನು ಅಳತೆಯ ಕೊಳವೆಯಿಂದ ಸುರಿದು ಈಡು ತುಂಬುವುದು ಪರಿಚಿತ. ಅದು ಕಪ್ಪು ಮದ್ದು. ಅಳತೆಯಲ್ಲಿ ತುಸು ಹೆಚ್ಚುಕಡಿಮೆಯಾದರೂ ಅದು ಸಹಿಸಿಕೊಳ್ಳುತ್ತದೆ. ಸ್ಮೋಕ್‌ಲೆಸ್ ಪೌಡರ್‌ಗೆ ಆ ಸಹನೆ ಇಲ್ಲ. ಅದನ್ನು ಕೇಪಿನ ಕೋವಿಗೆ ಎಂದಿಗೂ ಹಾಕಬಾರದು, ಆ ನಳಿಗೆ ಅದರ ಒತ್ತಡವನ್ನು ತಡೆಯುವುದಿಲ್ಲ. ಎರಡನೆಯದಾಗಿ, ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿಯಿಂದ ವಿನಾಯಿತಿ ಇದೆ ಎಂದಮಾತ್ರಕ್ಕೆ ತೋಟಾ ತಯಾರಿಸಲು ವಿನಾಯಿತಿ ಇದೆಯೆಂದು ಭಾವಿಸಬಾರದು. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಮದ್ದುಗುಂಡು ತಯಾರಿಕೆಗೆ ಬೇರೆಯೇ ಪರವಾನಗಿ ಬೇಕು. ಅಮೆರಿಕದವರ ಹವ್ಯಾಸವನ್ನು ಓದಿ ಇಲ್ಲಿ ಅನುಸರಿಸಲು ಹೋಗಬೇಡಿ.

ಪ್ರಶ್ನೆ ಕೇಳಿದವರ ಮರುಪ್ರಶ್ನೆ

ಎಲ್ಲರಿಗೂ ಧನ್ಯವಾದ. ವಾಸನೆಯಲ್ಲಿ ದೋಷ ಕಾಣಲಿಲ್ಲ, ಆದರೂ ಬಳಸುವುದಿಲ್ಲ ಎಂದು ನಿರ್ಧರಿಸಿದ್ದೇನೆ. ಇದನ್ನು ಹೇಗೆ ವಿಲೇವಾರಿ ಮಾಡಲಿ? ಮುಂದೆ ಸರ್ಪ್ಲಸ್ ಕೊಳ್ಳುವುದಾದರೆ ಏನನ್ನು ನೋಡಬೇಕು?

ಟೆಕ್ಸಸ್‌ನಿಂದ ಬಂದ ಉತ್ತರ

ಬೇರೆಯವರಿಗೆ ಕೊಡಬೇಡಿ, ಮಾರಬೇಡಿ, ಕಸದ ಬುಟ್ಟಿಗೂ ಚರಂಡಿಗೂ ಹಾಕಬೇಡಿ. ಎಂಟು ಪೌಂಡ್ ಸಣ್ಣ ಪ್ರಮಾಣವಲ್ಲ, ಆದ್ದರಿಂದ ಊರಿನ ಅಗ್ನಿಶಾಮಕ ದಳದ ತುರ್ತಲ್ಲದ ಸಂಖ್ಯೆಗೆ ಕರೆ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿ. ಅನೇಕ ಕಡೆ ಅವರೇ ಬಂದು ಒಯ್ಯುತ್ತಾರೆ ಅಥವಾ ಯಾರಿಗೆ ಒಪ್ಪಿಸಬೇಕೆಂದು ತಿಳಿಸುತ್ತಾರೆ. ಸುಡಲು ಅನುಮತಿಯಿರುವ ಬಯಲು ಪ್ರದೇಶದಲ್ಲಿ ಒಂದು ಅಂಗುಲಕ್ಕಿಂತ ಎತ್ತರವಾಗದಂತೆ ಸ್ವಲ್ಪ ಸ್ವಲ್ಪವೇ ಹರಡಿ ದೂರದಿಂದ ಹೊತ್ತಿಸುವುದು ಉದ್ಯಮವೇ ಸೂಚಿಸುವ ಕ್ರಮ, ಆದರೆ ಕೊಲರಾಡೊದಂತಹ ಒಣ ನಾಡಿನಲ್ಲಿ ಕಾಳ್ಗಿಚ್ಚಿನ ಭಯವಿರುವುದರಿಂದ ನಾನು ಅದನ್ನು ಸಲಹೆ ಮಾಡುವುದಿಲ್ಲ. ಒಪ್ಪಿಸುವವರೆಗೆ ಡಬ್ಬಿಯನ್ನು ಮನೆಯಿಂದ ದೂರ, ನೆರಳಿನಲ್ಲಿ, ಬಿಗಿಯಾದ ಲೋಹದ ಪೆಟ್ಟಿಗೆಯೊಳಗೆ ಸೇರಿಸದೆ ಇಡಿ.

ಸರ್ಪ್ಲಸ್ ಕೊಳ್ಳುವ ವಿಚಾರದಲ್ಲಿ ನನ್ನ ರೂಢಿಯನ್ನು ಹೇಳುತ್ತೇನೆ. ಸೇನೆಯ ಡಬ್ಲ್ಯುಸಿ844, ಡಬ್ಲ್ಯುಸಿ846ರಂತಹ ಪೌಡರ್‌ಗಳನ್ನು ನಾನು ಬಳಸಿದ್ದೇನೆ. ಅಂಗಡಿಯಲ್ಲಿ ಸಿಗುವ ಎಚ್335 ಮತ್ತು ಬಿಎಲ್-ಸಿ(2) ಇವುಗಳ ಸೋದರರೇ. ಆದರೆ ಅಂಗಡಿಯ ಡಬ್ಬಿಗೆ ಬರುವ ಪೌಡರನ್ನು ಒಂದು ಲಾಟಿಗೂ (ಒಂದು ಸಲಕ್ಕೆ ತಯಾರಾದ ರಾಶಿ) ಇನ್ನೊಂದಕ್ಕೂ ವ್ಯತ್ಯಾಸ ಕಡಿಮೆಯಿರುವಂತೆ ಕಾರ್ಖಾನೆಯಲ್ಲಿ ಬೆರೆಸಿ ಸಮ ಮಾಡಿರುತ್ತಾರೆ. ಸೇನೆಗೆ ಹೋಗುವ ಪೌಡರ್‌ಗೆ ಆ ಕಟ್ಟುಪಾಡಿಲ್ಲ, ಅಲ್ಲಿ ಪ್ರತಿ ಲಾಟನ್ನೂ ಒತ್ತಡದ ನಳಿಗೆಯಲ್ಲಿ ಪರೀಕ್ಷಿಸಿ ಪ್ರಮಾಣವನ್ನೇ ಬದಲಾಯಿಸುತ್ತಾರೆ. ಡಬ್ಲ್ಯುಸಿ852ರಲ್ಲಂತೂ ವೇಗದ ಲಾಟು, ನಿಧಾನದ ಲಾಟು ಎಂದು ಹವ್ಯಾಸಿಗಳೇ ಬೇರೆ ಮಾಡಿ ಹೇಳುವಷ್ಟು ಅಂತರ ಕಂಡುಬಂದಿದೆ. ಹಾಗಾಗಿ ತಯಾರಕರ ಹೆಸರು, ಪೌಡರ್‌ನ ಹೆಸರು, ಲಾಟ್ ಸಂಖ್ಯೆ ಈ ಮೂರೂ ಅಚ್ಚಾಗಿರುವ, ಮುದ್ರೆ ಒಡೆಯದ ಡಬ್ಬಿಯನ್ನು, ಆ ಲಾಟಿನ ವಿವರವನ್ನು ಬರಹದಲ್ಲಿ ಕೊಡುವ ವ್ಯಾಪಾರಿಯಿಂದ ಮಾತ್ರ ಕೊಳ್ಳುತ್ತೇನೆ. ಹಳೆಯ ತೋಟಾಗಳನ್ನು ಬಿಚ್ಚಿ ತೆಗೆದ ಪೌಡರ್ ಎಂದು ಮಾರುವುದನ್ನು ನಾನು ಮುಟ್ಟುವುದಿಲ್ಲ, ಏಕೆಂದರೆ ಬಿಚ್ಚುವಾಗ ಹಲವು ಲಾಟುಗಳು ಒಂದೇ ಪೀಪಾಯಿಗೆ ಬೀಳುತ್ತವೆ. ಮೇಲಿನ ಪದರದಿಂದ ಕಂಡುಕೊಂಡ ಪ್ರಮಾಣ ತಳದ ಪದರಕ್ಕೆ ಹೊಂದದೆ ಹೋಗಬಹುದು.

ಮೇಜಿನ ಮೇಲಿನ ಶಿಸ್ತೂ ಇಲ್ಲಿ ಪ್ರಸ್ತುತ, ಏಕೆಂದರೆ ಗುರುತಿಲ್ಲದ ಡಬ್ಬಿಗಳು ಹುಟ್ಟುವುದು ನಮ್ಮ ಮೇಜುಗಳ ಮೇಲೆಯೇ. ಕೆಲಸ ನಡೆಯುವಾಗ ಮೇಜಿನ ಮೇಲೆ ಒಂದೇ ಪೌಡರ್‌ನ ಡಬ್ಬಿ ಇರಲಿ. ಕೆಲಸ ಮುಗಿದೊಡನೆ ಅಳತೆಯಂತ್ರದ ಹಾಪರಿನಲ್ಲಿ (ಪೌಡರ್ ಸುರಿಯುವ ಪಾತ್ರೆ) ಉಳಿದದ್ದನ್ನು ಅದರದೇ ಡಬ್ಬಿಗೆ ಹಿಂದಿರುಗಿಸಿ. ರಾತ್ರಿಯಿಡೀ ಬಿಟ್ಟರೆ ಕೆಲವು ಪೌಡರ್‌ಗಳು ಹಾಪರಿನ ಪ್ಲಾಸ್ಟಿಕ್ಕನ್ನೇ ಮಂಕಾಗಿಸುತ್ತವೆ, ಮರುದಿನ ಅದು ಯಾವ ಪೌಡರ್ ಎಂಬ ಅನುಮಾನವೂ ಹುಟ್ಟುತ್ತದೆ. ಅನುಮಾನ ಹುಟ್ಟಿದ್ದನ್ನು ನಾನು ವಿಲೇವಾರಿಗೇ ಹಾಕುತ್ತೇನೆ. ಇಲ್ಲಿನ ಅಗ್ನಿ ಸುರಕ್ಷತಾ ಸಂಹಿತೆಯೂ ಮನೆಯಲ್ಲಿ 20 ಪೌಂಡಿನವರೆಗೆ ಇಡಲು ಅವಕಾಶ ಕೊಡುವುದು ಮೂಲ ಡಬ್ಬಿಯಲ್ಲಿದ್ದರೆ ಮಾತ್ರ. ಅದಕ್ಕಿಂತ ಹೆಚ್ಚಾದರೆ ಒಂದು ಅಂಗುಲ ದಪ್ಪದ ಮರದ ಪೆಟ್ಟಿಗೆ ಬೇಕು. ನಿಮ್ಮ ಊರಿನ ನಿಯಮ ಇದಕ್ಕಿಂತ ಬಿಗಿಯಾಗಿರಬಹುದು, ಅಗ್ನಿಶಾಮಕ ದಳಕ್ಕೆ ಕರೆ ಮಾಡಿದಾಗ ಅದನ್ನೂ ಕೇಳಿಕೊಳ್ಳಿ.