ಅಡ್ರಿನಲ್ ಗ್ರಂಥಿಯಲ್ಲಿ ಎಳೆಯ ನರಕೋಶಗಳನ್ನು ಗುರುತಿಸುವುದು ಹೇಗೆ?

ಪ್ರಶ್ನೆ, ಪುಣೆಯಿಂದ: ಮಾನವ ಭ್ರೂಣದ ಅಡ್ರಿನಲ್ (ಮೂತ್ರಪಿಂಡದ ಮೇಲಿರುವ ಗ್ರಂಥಿ) ಸ್ಲೈಡಿನಲ್ಲಿ, ತೊಗಟೆಯ (ಗ್ರಂಥಿಯ ಹೊರಪದರದ) ದೊಡ್ಡ ಗುಲಾಬಿ ಕೋಶಗಳ ನಡುವೆ, ಕಡುನೀಲಿ ಕೇಂದ್ರಗಳುಳ್ಳ ಪುಟ್ಟ ಕೋಶಗಳ ಗುಂಪುಗಳು ಕಂಡವು. ನರಕೋಶಗಳ ಗುರುತಾಗಿ ಬಳಸುವ ಸಿನಾಪ್ಟೊಫೈಸಿನ್ ಎಂಬ ಪ್ರೋಟೀನಿನ ಬಣ್ಣ ಹಿಡಿದಿದೆ. ಇಷ್ಟರಿಂದಲೇ ಇವನ್ನು ನ್ಯೂರೋಬ್ಲಾಸ್ಟ್‌ಗಳೆಂದು (ಎಳೆಯ ನರಕೋಶಗಳೆಂದು) ಬರೆಯಬಹುದೇ?

ಉತ್ತರ, ಮುಂಬಯಿಯ ಮಾಟುಂಗದಿಂದ: ದಯವಿಟ್ಟು ಅವಸರಪಡಬೇಡಿ. ಸಿನಾಪ್ಟೊಫೈಸಿನ್ ತೊಗಟೆಯ ಕೋಶಗಳಲ್ಲೂ ಬಣ್ಣ ಹಿಡಿಯುವುದುಂಟು. ಕ್ರೋಮೋಗ್ರಾನಿನ್ ಎ ಎಂಬ ಇನ್ನೊಂದು ಗುರುತು-ಪ್ರೋಟೀನ್ ತೊಗಟೆಯಲ್ಲಿ ಹಾಗೆ ಮೋಸ ಮಾಡುವುದಿಲ್ಲ. ಜೊತೆಗೆ, ಇನ್ನೆರಡು ಗುರುತು-ಪ್ರೋಟೀನ್‌ಗಳ ಬಣ್ಣ ಹಾಕಿ ನೋಡಿ: ಕೋಶಕೇಂದ್ರದೊಳಗೇ ಕಂದುಬಣ್ಣ ಮೂಡಿಸುವ ಫಾಕ್ಸ್2ಬಿ, ಮತ್ತು ಟೈರೋಸಿನ್ ಹೈಡ್ರಾಕ್ಸಿಲೇಸ್.

ಉತ್ತರ, ಪಣಜಿಯಿಂದ: ಒಪ್ಪುತ್ತೇನೆ, ಆದರೆ ಫಾಕ್ಸ್2ಬಿ ಕ್ರೋಮಾಫಿನ್ ಕೋಶಗಳಲ್ಲೂ (ಗ್ರಂಥಿಯ ಒಳಭಾಗದ, ಅಡ್ರಿನಲಿನ್ ಸ್ರವಿಸುವ ಕೋಶಗಳು) ಇರುವುದರಿಂದ ಅದು ವಂಶವನ್ನು ಹೇಳುತ್ತದೆಯೇ ಹೊರತು ಹಂತವನ್ನಲ್ಲ. 2017ರಲ್ಲಿ ಇಲಿಗಳಲ್ಲಿ ಕಂಡುಬಂದಂತೆ, ಕ್ರೋಮಾಫಿನ್ ಕೋಶಗಳಲ್ಲಿ ಹೆಚ್ಚಿನವು ನರದ ಗುಂಟ ಬಂದ ಶ್ವಾನ್ ಪೂರ್ವಕೋಶಗಳಿಂದಲೇ (ನರವನ್ನು ಸುತ್ತುವ ಶ್ವಾನ್ ಕೋಶಗಳ ಮೂಲಕೋಶಗಳು) ಹುಟ್ಟುತ್ತವೆ. ಆ ಪೂರ್ವಕೋಶಗಳನ್ನು ಹುಡುಕಲು ಸಾಕ್ಸ್10 ಎಂಬ ಪ್ರೋಟೀನಿನ ಬಣ್ಣ ಬೇಕು.

ಪುಣೆಯಿಂದ: ಧನ್ಯವಾದಗಳು. ಮೇಣದ ಬ್ಲಾಕಿನಲ್ಲಿ ಅಂಗಾಂಶ ಇನ್ನೂ ಉಳಿದಿದೆ; ಮೊದಲು ಕ್ರೋಮೋಗ್ರಾನಿನ್ ಹಾಕಿಸುತ್ತೇನೆ.